ಬೂದಿ ಮುಚ್ಚಿದ ಕೆಂಡ: ಮಾತಿನ ಚಿಕಿತ್ಸೆ ಸುಪ್ತ ಮನಸ್ಸನ್ನು ಮುಟ್ಟುವ ಬಗೆ

ಹಾಸನ ಜಿಲ್ಲೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ವಯಸ್ಸು 41. ಮನೆ, ಶಾಲೆ ಎರಡನ್ನೂ ಅಚ್ಚುಕಟ್ಟಾಗಿ ನಿಭಾಯಿಸುವ ತಾಳ್ಮೆಯ ಹೆಂಗಸು ಎಂದು ಊರಿನವರೆಲ್ಲ ಹೇಳುತ್ತಾರೆ. ಆದರೆ ಗಂಡ ಸಂಜೆ ಅರ್ಧ ಗಂಟೆ ತಡವಾಗಿ ಬಂದರೆ, ಅದೂ ಫೋನು ಎತ್ತದೆ ತಡ ಮಾಡಿದರೆ, ಆ ತಾಳ್ಮೆ ಎಲ್ಲಿಗೆ ಹೋಗುತ್ತದೋ ತಿಳಿಯದು. ಅವರಿಗೆ ಬರುವುದು ಗಾಬರಿಯಲ್ಲ, ಸಿಟ್ಟು. ಗಂಡ ಬಾಗಿಲಲ್ಲಿ ಕಾಣಿಸಿಕೊಂಡ ಮೇಲಾದರೂ ಅದು ಇಳಿಯಬೇಕು. ಇಳಿಯುವುದಿಲ್ಲ, ಎರಡು ದಿನ ಮಾತು ಬಿಡುತ್ತಾರೆ. ಮೂರನೆಯ ದಿನ ನಾಚಿಕೆಯಾಗುತ್ತದೆ. "ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹೀಗಾಡುತ್ತೇನೋ ನನಗೇ ಗೊತ್ತಾಗುವುದಿಲ್ಲ" ಎನ್ನುತ್ತಾರೆ.

ಈ ಶಿಕ್ಷಕಿ ಕಲ್ಪಿತ ವ್ಯಕ್ತಿ. "ನನಗೇ ಗೊತ್ತಾಗುವುದಿಲ್ಲ" ಎಂಬ ಮಾತು ಮಾತ್ರ ಕಲ್ಪಿತವಲ್ಲ. ಮನೋಚಿಕಿತ್ಸೆಗೆ ಬರುವ ಅನೇಕರ ಮೊದಲ ವಾಕ್ಯ ಇದೇ ಆಗಿರುತ್ತದೆ. ಈಚೆಗೆ ಮೊಬೈಲ್ ಪರದೆಯ ಮೇಲೆ ಟ್ರಾಮಾ, ಇನ್ನರ್ ಚೈಲ್ಡ್, ಸಬ್‌ಕಾನ್ಷಿಯಸ್ ಎಂಬ ಪದಗಳು ದಿನಬೆಳಗಾದರೆ ಕಾಣುತ್ತವೆ, ಎರಡು ದಿನದ ಶಿಬಿರದಲ್ಲಿ ಒಳಮನಸ್ಸನ್ನು ತೊಳೆದುಕೊಡುತ್ತೇವೆ ಎಂಬ ಜಾಹೀರಾತುಗಳೂ ಬರುತ್ತವೆ. ಇನ್ನೊಂದು ಕಡೆ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಿಂದಾಗಿ, ಕನ್ನಡದಲ್ಲಿಯೇ ಮಾತನಾಡಿ ಮಾನಸಿಕ ನೆರವು ಕೇಳುವುದು 14416 ಎಂಬ ಸಂಖ್ಯೆಯಷ್ಟು ಹತ್ತಿರಕ್ಕೆ ಬಂದಿದೆ. ನೆರವು ಕೇಳಿದವರಿಗೆ "ನೀವು ಥೆರಪಿಗೆ ಹೋಗುವುದು ಒಳ್ಳೆಯದು" ಎಂಬ ಸಲಹೆ ಸಿಕ್ಕರೆ, ಆ ಮುಚ್ಚಿದ ಕೋಣೆಯಲ್ಲಿ ನಡೆಯುವುದೇನು, ಬರಿಯ ಮಾತಿನಿಂದ ಹಳೆಯ ನೋವು ಹೇಗೆ ಮಾಗುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಸುಪ್ತ ಎಂದರೆ ಮಲಗಿರುವುದೇ?

ನಮಗೆ ಅರಿವಿಲ್ಲದಂತೆ ಕೆಲಸ ಮಾಡುವ ಮನಸ್ಸಿನ ಭಾಗವನ್ನು ಕನ್ನಡದಲ್ಲಿ ಸುಪ್ತ ಮನಸ್ಸು, ಸುಪ್ತಪ್ರಜ್ಞೆ, ಅಚೇತನ ಎಂದೆಲ್ಲ ಕರೆಯುವ ರೂಢಿಯಿದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 'ಸುಪ್ತ' ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಸುಪ್ತ ಎಂದರೆ ನಿದ್ರಿಸುತ್ತಿರುವ ಎಂದು ಅರ್ಥ. ಆದರೆ ಈ ಭಾಗ ನಿದ್ರಿಸುವುದೇ ಇಲ್ಲ. ಅದು ಎಚ್ಚರವಾಗಿದ್ದು ಕೆಲಸ ಮಾಡುತ್ತಿರುತ್ತದೆ, ಆ ಕೆಲಸ ಮಾತ್ರ ನಮಗೆ ಕಾಣುವುದಿಲ್ಲ.

ಇದಕ್ಕೆ ಸಾಕ್ಷಿಯಾಗಿ ನಮ್ಮ ಮಾತನ್ನೇ ನೋಡಬಹುದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ 'ಮರಕ್ಕೆ' ಎನ್ನುತ್ತಾಳೆ, 'ಮನೆಗೆ' ಎನ್ನುತ್ತಾಳೆ; 'ಮರಗೆ', 'ಮನೆಕ್ಕೆ' ಎಂದು ಎಂದೂ ಎನ್ನುವುದಿಲ್ಲ. ಎಲ್ಲಿ 'ಕ್ಕೆ' ಬರಬೇಕು, ಎಲ್ಲಿ 'ಗೆ' ಬರಬೇಕು ಎಂಬುದಕ್ಕೆ ನಿಯಮವಿದೆ. ಆ ನಿಯಮ ಏನೆಂದು ಕೇಳಿದರೆ ಅಜ್ಜಿಗಿರಲಿ, ಓದಿದ ಮೊಮ್ಮಕ್ಕಳಿಗೂ ತಟ್ಟನೆ ಹೇಳಲಾಗದು. ದಿನಕ್ಕೆ ನೂರಾರು ಬಾರಿ ತಪ್ಪದೆ ಪಾಲಿಸುವ ನಿಯಮವೊಂದು ನಮ್ಮ ತಲೆಯಲ್ಲೇ ಇದೆ, ಆದರೆ ನಮಗೆ ಗೊತ್ತಿಲ್ಲ. ಇದರಲ್ಲಿ ನಿಗೂಢವಾದದ್ದೇನೂ ಇಲ್ಲ; ಬಾಲ್ಯದಲ್ಲಿ ಕೇಳಿ ಕೇಳಿ ಕಲಿತದ್ದು ಅರಿವಿನ ಸಹಾಯ ಬೇಡದೆ ನಡೆಯುತ್ತಿದೆ, ಅಷ್ಟೆ.

ಭಾಷೆಯ ನಿಯಮದಂತೆಯೇ ಭಾವನೆಯ ನಿಯಮಗಳನ್ನೂ ನಾವು ಹೀಗೆಯೇ ಕಲಿಯುತ್ತೇವೆ. ಅತ್ತರೆ ಯಾರಾದರೂ ಬರುತ್ತಾರೆಯೇ, ಸಿಟ್ಟು ತೋರಿದರೆ ಪ್ರೀತಿ ಕಡಿಮೆಯಾಗುತ್ತದೆಯೇ, ಹೋದವರು ಹಿಂದಿರುಗುತ್ತಾರೆಯೇ ಎಂಬುದನ್ನು ಮಗು ಪಾಠವಾಗಿ ಕಲಿಯುವುದಿಲ್ಲ, ಬದುಕಿ ಕಲಿಯುತ್ತದೆ. ಹಾಗೆ ಕಲಿತದ್ದು ಅರಿವಿಗೆ ಬಾರದೆಯೂ ಎಷ್ಟು ಗಟ್ಟಿಯಾಗಿ ಉಳಿಯಬಲ್ಲದು ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಎದುವಾರ್ ಕ್ಲಾಪಾರೆದ್ 1911ರಲ್ಲಿ ಪ್ರಕಟಿಸಿದ ಒಂದು ಪ್ರಸಂಗ ಹೆಸರಾಗಿದೆ. ಮಿದುಳಿನ ತೊಂದರೆಯಿಂದ ಹೊಸ ನೆನಪು ನಿಲ್ಲದ ಒಬ್ಬ ಮಹಿಳೆ ಅವರ ರೋಗಿಯಾಗಿದ್ದರು. ವೈದ್ಯರು ಪ್ರತಿಸಲ ಬಂದಾಗಲೂ ಆಕೆಗೆ ಅವರು ಹೊಸಬರೇ. ಒಮ್ಮೆ ಕ್ಲಾಪಾರೆದ್ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಕೊಂಡು ಕೈಕುಲುಕಿದರು, ಸೂಜಿ ಚುಚ್ಚಿತು. ಆಕೆ ಅದನ್ನು ಮರೆತರು. ಮುಂದೆ ಅವರು ಕೈಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಯಾಕೆಂದು ಕೇಳಿದರೆ, ಕೆಲವೊಮ್ಮೆ ಕೈಯಲ್ಲಿ ಸೂಜಿ ಇರುತ್ತದೆ ಎಂಬರ್ಥದ ಉತ್ತರ ಬಂತು. ತನಗೇ ಅದು ನಡೆದಿತ್ತು ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಇಂದಿನ ನೀತಿಸಂಹಿತೆ ಇಂಥ ಪ್ರಯೋಗವನ್ನು ಒಪ್ಪುವುದಿಲ್ಲ, ಆ ಮಾತು ಬೇರೆ. ಘಟನೆಯನ್ನು ಉಳಿಸಿಕೊಳ್ಳುವ ನೆನಪು ಒಂದು, ಅದರ ನೋವನ್ನು ಉಳಿಸಿಕೊಳ್ಳುವ ನೆನಪು ಇನ್ನೊಂದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಯೋಗ ಮತ್ತು ವೇದಾಂತದ ಓದು ಇರುವವರಿಗೆ ಇಲ್ಲಿ 'ಸಂಸ್ಕಾರ', 'ವಾಸನೆ' ಎಂಬ ಪದಗಳು ನೆನಪಾಗಬಹುದು. ಅನುಭವವು ಚಿತ್ತದಲ್ಲಿ ಅಚ್ಚೊತ್ತಿ ಮುಂದಿನ ನಡೆಯನ್ನು ರೂಪಿಸುತ್ತದೆ ಎಂಬ ಮಟ್ಟಿಗೆ ಹೋಲಿಕೆ ನಿಜ. ಆದರೆ ಅಲ್ಲಿನ ಗುರಿ ಮುಕ್ತಿ, ಇಲ್ಲಿನ ಗುರಿ ನೆಮ್ಮದಿಯಾಗಿ ಸಂಸಾರ ನಡೆಸುವುದು. ಎರಡನ್ನೂ ಒಂದೇ ಎನ್ನುವ ಅವಸರ ಬೇಡ.

ಭಾವನೆಯೊಂದು ಬಾಕಿ ಉಳಿಯುವುದು ಹೇಗೆ

ಭಾವನೆಗೆ ಒಂದು ಓಟವಿದೆ. ಅದು ಹುಟ್ಟುತ್ತದೆ, ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಮಾತಾಗಿಯೋ ಅಳುವಾಗಿಯೋ ಹೊರಬರುತ್ತದೆ, ಎದುರಿಗಿರುವವರು ಅದನ್ನು ಕಂಡು ಏನಾದರೂ ಹೇಳುತ್ತಾರೆ, ಆಮೇಲೆ ಇಳಿಯುತ್ತದೆ. ಸಾವಿನ ಮನೆಯಲ್ಲಿ ಬಂದವರೆಲ್ಲ ಕೂತು ಹೋದವರ ಗುಣ ಎತ್ತಿ ಆಡುತ್ತ ಅಳುವುದು, ಹನ್ನೊಂದು ದಿನವೋ ಹದಿಮೂರು ದಿನವೋ ಸಂಬಂಧಿಕರು ಜೊತೆಗಿರುವುದು ಈ ಓಟ ಮುಗಿಯಲು ಸಮಾಜ ಮಾಡಿಕೊಂಡ ಏರ್ಪಾಡು ಎಂದೂ ಹೇಳಬಹುದು.

ಈ ಓಟ ನಡುವೆ ನಿಂತುಹೋಗುವುದುಂಟು. ಮಗುವಿನ ಶಕ್ತಿಗೆ ಮೀರಿದ ಭಯ, ಹೇಳಿಕೊಂಡರೆ ಪೆಟ್ಟು ಬೀಳುವ ಮನೆ, "ಗಂಡಸಾಗಿ ಅಳ್ತೀಯಾ" ಎಂಬ ಮಾತು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ್ದರಿಂದ ತನ್ನ ದುಃಖಕ್ಕೆ ಪುರುಸೊತ್ತಿಲ್ಲದ ಹಿರಿಯ ಮಗಳು ಇವೆಲ್ಲ ಅದಕ್ಕೆ ಕಾರಣಗಳು. ಕನ್ನಡದಲ್ಲಿ ಇದಕ್ಕೆ 'ನುಂಗಿಕೊಳ್ಳುವುದು' ಎನ್ನುತ್ತಾರೆ. ನಮ್ಮ ಭಾಷೆ ಹೊಟ್ಟೆಕಿಚ್ಚು, ಹೊಟ್ಟೆಯುರಿ, ಕರುಳು ಚುರುಕ್ಕೆನ್ನುವುದು ಎಂದು ಎಷ್ಟೋ ಭಾವನೆಗಳನ್ನು ಹೊಟ್ಟೆಯಲ್ಲೇ ಇಟ್ಟಿದೆ. ನುಂಗಿದ್ದು ಅಲ್ಲಿಗೇ ಹೋಗಬೇಕಲ್ಲವೇ! ನುಂಗಿದ್ದು ಕರಗದೆ ಉಳಿದರೆ ಬೂದಿ ಮುಚ್ಚಿದ ಕೆಂಡದಂತೆ ಹೊರಗೆ ತಣ್ಣಗೆ ಕಂಡರೂ ಗಾಳಿ ಬೀಸಿದಾಗ ಹೊಳೆಯುತ್ತದೆ.

ಹಾಗಾದರೆ ಮರೆತುಬಿಟ್ಟರಾಯಿತು ಎನ್ನುವವರಿಗೆ ಮದ್ದು ಮತ್ತು ಮಂಗನ ಕಥೆ ಗೊತ್ತಿರುತ್ತದೆ. ಮದ್ದು ಕುಡಿಯುವಾಗ ಮಂಗನನ್ನು ಮಾತ್ರ ನೆನೆಯಬಾರದು ಎಂದು ವೈದ್ಯ ಹೇಳಿದ ಮೇಲೆ ರೋಗಿಗೆ ಬಟ್ಟಲು ಎತ್ತಿದಾಗಲೆಲ್ಲ ಮಂಗನೇ ಕಾಣಿಸಿದ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಂಗನ ಬದಲು ಬಿಳಿ ಕರಡಿ ಇತ್ತು: ಐದು ನಿಮಿಷ ಅದನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರು ನೆನೆಯದೆ ಇರಲಾರದೆ ಹೋದರು, ಮುಂದೆ ನೆನೆಯಲು ಬಿಟ್ಟಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ನೆನೆದರು. ಮುಖದಲ್ಲಿ ಏನೂ ತೋರಿಸದಂತೆ ಭಾವನೆಯನ್ನು ತಡೆದುಕೊಂಡಾಗ ಮೈಯೊಳಗಿನ ಉದ್ವೇಗ ಇಳಿಯುವ ಬದಲು ಏರುತ್ತದೆ ಎಂಬುದನ್ನು ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲಿ ಅಳತೆ ಮಾಡಿ ತೋರಿಸಿದರು.

ಸಹಿಸಲಾಗದ್ದನ್ನು ಅರಿವಿನಿಂದ ದೂರವಿಡಲು ಮನಸ್ಸು ಮಾಡುವ ಉಪಾಯಗಳನ್ನು ಮನೋವಿಜ್ಞಾನದಲ್ಲಿ ರಕ್ಷಣಾ ತಂತ್ರಗಳು ಎನ್ನುತ್ತಾರೆ. ಗಾದೆಗಳು ಇವನ್ನು ಬಹಳ ಹಿಂದೆಯೇ ಗುರುತಿಸಿದ್ದವು. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬುದರಲ್ಲಿ ಭಾವನೆ ತನ್ನ ನಿಜವಾದ ಗುರಿಯಿಂದ ಸುರಕ್ಷಿತವಾದ ಗುರಿಗೆ ಜಾರುತ್ತದೆ, ಇದು ಸ್ಥಾನಪಲ್ಲಟ. ಎಟುಕದ ದ್ರಾಕ್ಷಿಯನ್ನು ಹುಳಿ ಎನ್ನುವ ನರಿ ಸಮರ್ಥನೆಯ ತಂತ್ರ ಹೂಡುತ್ತದೆ. ನಮ್ಮ ಶಿಕ್ಷಕಿಯಲ್ಲಿ ಕಾಣುವುದು ಇನ್ನೊಂದು ಬಗೆ: ತಾಳಲಾಗದ ಭಯದ ಜಾಗದಲ್ಲಿ ತಾಳಬಹುದಾದ ಸಿಟ್ಟು ಬಂದು ಕೂತಿದೆ. ಭಯಪಟ್ಟವರು ದುರ್ಬಲರು, ಸಿಟ್ಟಾದವರ ಕೈಯಲ್ಲಿ ಏನೋ ಬಲವಿದೆ ಎನಿಸುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಅಳದ ದುಃಖವೆಲ್ಲ ರೋಗವಲ್ಲ. ಹತ್ತಿರದವರನ್ನು ಕಳೆದುಕೊಂಡವರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾರ್ಜ್ ಬೊನಾನೊ ಅವರ ಸಂಶೋಧನೆಯ ಪ್ರಕಾರ, ತೀವ್ರ ಶೋಕವನ್ನೇ ಕಾಣದೆ ಬದುಕನ್ನು ಮುಂದುವರಿಸುವವರು ಬಹಳ ಮಂದಿ ಇದ್ದಾರೆ, ಅವರು ಮುಂದೆಂದೋ ಕುಸಿದುಬೀಳುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಆದರೆ ಒಂದೇ ಬಗೆಯ ಮುಗ್ಗರಿಕೆ ಮತ್ತೆ ಮತ್ತೆ ಆಗುತ್ತಿದ್ದರೆ, ಅದರಿಂದ ಸಂಬಂಧ, ಕೆಲಸ, ನಿದ್ದೆ ಕೆಡುತ್ತಿದ್ದರೆ ಆಗ ಒಳಗೆ ನೋಡಲು ಕಾರಣ ಸಿಗುತ್ತದೆ.

ವಿಯೆನ್ನಾದ ಒಂದು ಕೋಣೆಯಿಂದ

ಮಾತಿನಿಂದ ಚಿಕಿತ್ಸೆ ಎಂಬ ಕಲ್ಪನೆಗೆ ಹೆಸರು ಕೊಟ್ಟವರು ವೈದ್ಯರಲ್ಲ, ಒಬ್ಬ ರೋಗಿ. ವಿಯೆನ್ನಾದ ಬರ್ಥಾ ಪಾಪೆನ್‌ಹೈಮ್ ಇಪ್ಪತ್ತೊಂದರ ವಯಸ್ಸಿನಲ್ಲಿ ಹಾಸಿಗೆ ಹಿಡಿದ ತಂದೆಯ ಆರೈಕೆ ಮಾಡುತ್ತಿದ್ದಾಗಲೇ ಕೈಕಾಲು ಮರಗಟ್ಟುವುದು, ಮಾತು ನಿಲ್ಲುವುದು ಮೊದಲಾದ ತೊಂದರೆಗಳಿಗೆ ಒಳಗಾದರು. 1880ರಿಂದ 1882ರವರೆಗೆ ಅವರಿಗೆ ಚಿಕಿತ್ಸೆ ಕೊಟ್ಟ ಯೋಸೆಫ್ ಬ್ರಾಯರ್, ಆಕೆ ತನಗೆ ತೋಚಿದ್ದನ್ನೆಲ್ಲ ಹೇಳಿಕೊಂಡ ಸಂಜೆ ಹಗುರಾಗುವುದನ್ನು ಗಮನಿಸಿದರು. ಒಂದು ಬೇಸಿಗೆಯಲ್ಲಿ ಬರ್ಥಾ ಬಾಯಾರಿದರೂ ವಾರಗಟ್ಟಲೆ ನೀರು ಕುಡಿಯಲಾರದೆ ಹೋದರು. ಸಂಮೋಹನದ ಸ್ಥಿತಿಯಲ್ಲಿ, ತನಗಿಷ್ಟವಿಲ್ಲದ ಸಂಗಾತಿಯೊಬ್ಬಳ ನಾಯಿ ಲೋಟದಿಂದ ನೀರು ಕುಡಿದದ್ದನ್ನು ಕಂಡ ಪ್ರಸಂಗವನ್ನು, ಅಂದು ಸೌಜನ್ಯಕ್ಕಾಗಿ ತಡೆದುಕೊಂಡ ಅಸಹ್ಯದ ಸಮೇತ ಹೊರಹಾಕಿದ ಮೇಲೆ ನೀರು ಕುಡಿದರು ಎಂದು ಬ್ರಾಯರ್ ಬರೆದಿದ್ದಾರೆ. ಈ ವಿಧಾನವನ್ನು ಬರ್ಥಾ 'ಮಾತಿನ ಚಿಕಿತ್ಸೆ' ಎಂದೂ, ತಮಾಷೆಯಾಗಿ 'ಹೊಗೆಗೂಡು ಗುಡಿಸುವುದು' ಎಂದೂ ಕರೆದರು. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ ಪ್ರಕಟಿಸಿದ ಪುಸ್ತಕದಲ್ಲಿ ಅವರು 'ಆನಾ ಓ' ಎಂಬ ಮರೆಹೆಸರಿನಿಂದ ಪ್ರಸಿದ್ಧರಾದರು.

ಪುಸ್ತಕದಲ್ಲಿ ಇಲ್ಲದ ಉತ್ತರಾರ್ಧವೇ ಹೆಚ್ಚು ಪಾಠ ಕಲಿಸುತ್ತದೆ. ಚಿಕಿತ್ಸೆ ಮುಗಿದ ಕೂಡಲೇ ಬರ್ಥಾ ಗುಣಮುಖರಾಗಿರಲಿಲ್ಲ. 1882ರಲ್ಲೇ ಅವರನ್ನು ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. ವರ್ಷಗಳ ನಂತರ ಅವರು ಫ್ರಾಂಕ್‌ಫರ್ಟ್‌ನಲ್ಲಿ ಅನಾಥಾಲಯ ನಡೆಸಿದರು, 1904ರಲ್ಲಿ ಯಹೂದಿ ಮಹಿಳೆಯರ ಸಂಘಟನೆಯನ್ನು ಕಟ್ಟಿದರು, 1954ರಲ್ಲಿ ಪಶ್ಚಿಮ ಜರ್ಮನಿ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಒಂದು ನೆನಪು ಹೊರಬಂದ ಕೂಡಲೇ ಕಾಯಿಲೆ ಮಾಯವಾಗುತ್ತದೆ ಎಂಬ ಚಲನಚಿತ್ರದ ಶೈಲಿಯ ಕಲ್ಪನೆಗೆ ಅದರ ಮೂಲ ಉದಾಹರಣೆಯೇ ಆಧಾರ ಒದಗಿಸುವುದಿಲ್ಲ.

ಫ್ರಾಯ್ಡ್ ಮುಂದೆ ಸಂಮೋಹನವನ್ನು ಕೈಬಿಟ್ಟರು. ತೋಚಿದ್ದನ್ನು ತೋಚಿದ ಹಾಗೆ ಹೇಳುವ 'ಮುಕ್ತ ಸಾಹಚರ್ಯ' ಅದರ ಜಾಗಕ್ಕೆ ಬಂತು. ಹೀಗೆ ರೂಪುಗೊಂಡ ಚಿಕಿತ್ಸೆಗೆ ಅವರು ಮನೋವಿಶ್ಲೇಷಣೆ ಎಂದು ಹೆಸರಿಟ್ಟರು. ಭಾರತದಲ್ಲಿ ಈ ವಿದ್ಯೆ ಬೇರೂರಿದ್ದು ಕಲ್ಕತ್ತೆಯಲ್ಲಿ. ಫ್ರಾಯ್ಡರೊಡನೆ ಪತ್ರವ್ಯವಹಾರವಿದ್ದ ಗಿರೀಂದ್ರಶೇಖರ ಬೋಸ್ 1922ರಲ್ಲಿ ಅಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಕನ್ನಡದ ಓದುಗರ ಮಟ್ಟಿಗೆ ಹೇಳುವುದಾದರೆ, 'ರಾಶಿ' ಎಂದೇ ಹೆಸರಾದ ವೈದ್ಯ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೇ ಮನಸ್ಸಿನ ಚಿಕಿತ್ಸೆ ಮನೆಮಾತಿನಲ್ಲಿ ಹೇಳಬಹುದಾದ ವಿಷಯ ಎಂಬುದು ಖಚಿತವಾಗಿತ್ತು.

ಕೋಣೆಯೊಳಗೆ

ಸುಪ್ತ ಮನಸ್ಸನ್ನು ಆಧರಿಸಿದ ಈಗಿನ ಚಿಕಿತ್ಸೆಗೆ ಸೈಕೋಡೈನಮಿಕ್ ಥೆರಪಿ ಎಂಬ ಹೆಸರಿದೆ. ಮನೋಗತಿಕ ಚಿಕಿತ್ಸೆ ಎನ್ನಬಹುದು. ವಾರಕ್ಕೆ ನಾಲ್ಕೈದು ದಿನ ಮಂಚದ ಮೇಲೆ ಮಲಗಿ ಮಾತನಾಡುವ ಹಳೆಯ ಪದ್ಧತಿ ಈಗ ಅಪರೂಪ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತು, ಎದುರುಬದುರು ಕುರ್ಚಿಯಲ್ಲಿ ಕೂತು 45ರಿಂದ 50 ನಿಮಿಷ ಮಾತು. ಹೊತ್ತು ಗೊತ್ತಿನ ಈ ಬಿಗಿ ಶಿಸ್ತಿಗಾಗಿ ಮಾತ್ರ ಇರುವುದಲ್ಲ. ಚೌಕಟ್ಟು ಒಂದೇ ಆಗಿದ್ದಾಗ ಅದರೊಳಗೆ ಬದಲಾಗುವುದು ಎದ್ದು ಕಾಣುತ್ತದೆ: ಯಾವ ವಾರ ತಡವಾಗಿ ಬಂದರು, ಯಾವ ವಿಷಯ ಬಂದಾಗ ಗಡಿಯಾರ ನೋಡಿದರು, ಎಲ್ಲಿ ನಗು ಬಂತು, ಎಲ್ಲಿ ಮಾತು ನಿಂತಿತು.

ಚಿಕಿತ್ಸಕರು ಉಪದೇಶ ಮಾಡುವುದಿಲ್ಲ, "ಹೀಗೆ ಮಾಡಿ" ಎಂದು ಸಾಮಾನ್ಯವಾಗಿ ಹೇಳುವುದೂ ಇಲ್ಲ. ಹಿರಿಯರ ಬಳಿ ಹೋಗಿ ಕಷ್ಟ ಹೇಳಿಕೊಂಡು ಬುದ್ಧಿಮಾತು ಕೇಳಿ ರೂಢಿಯಿರುವ ನಮ್ಮವರಿಗೆ ಮೊದಲ ಕೆಲವು ವಾರ ಇದು ನಿರಾಸೆ ತರಬಹುದು. "ದುಡ್ಡು ತಗೊಂಡು ಸುಮ್ಮನೆ ಕೂತಿರುತ್ತಾರೆ" ಎಂಬ ದೂರು ಕೇಳಿಬರುವುದು ಇಲ್ಲಿಂದಲೇ. ಆದರೆ ಆ ಮೌನದಲ್ಲಿ ಅವರು ಮಾತಿನ ಜೊತೆಗೆ ಮಾತಿನ ದಾರಿಯನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ. ಬಾಯಿತಪ್ಪಿ ಬಂದ ಪದ, ಮತ್ತೆ ಮತ್ತೆ ಬೀಳುವ ಕನಸು, ಕಥೆಯಲ್ಲಿ ಸದಾ ಬಿಟ್ಟುಹೋಗುವ ಒಬ್ಬ ವ್ಯಕ್ತಿ ಇವೆಲ್ಲ ಅವರಿಗೆ ಸುಳಿವುಗಳು.

ಶಿಕ್ಷಕಿ ನಾಲ್ಕನೆಯ ವಾರ, ಮಾತಿನ ನಡುವೆ, ತನ್ನ ತಂದೆ ತಾನು ಒಂಬತ್ತು ವರ್ಷದವಳಿದ್ದಾಗ ತೀರಿಕೊಂಡರು ಎಂದು ಹೇಳಿದರು ಎನ್ನೋಣ. "ಸಂಜೆಗೆ ಬರ್ತೀನಿ" ಎಂದು ಹೇಳಿ ಮೈಸೂರಿನ ಆಸ್ಪತ್ರೆಗೆ ಹೋದವರು ಬರಲಿಲ್ಲ. ಹುಡುಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು; ಮೂರು ದಿನ ಕಳೆದು ಕರೆತಂದಾಗ ಎಲ್ಲ ಮುಗಿದಿತ್ತು, ಮಗು ಹೆದರೀತು ಎಂದು ಯಾರೂ ಏನನ್ನೂ ಹೇಳಲಿಲ್ಲ. ಇದನ್ನು ಅವರು ಬಸ್ಸಿನ ವೇಳಾಪಟ್ಟಿ ಓದುವ ದನಿಯಲ್ಲಿ ಹೇಳಿದರು.

ಗಮನಿಸಬೇಕಾದದ್ದು ಇಲ್ಲಿದೆ. ಅವರು ಏನನ್ನೂ ಮರೆತಿರಲಿಲ್ಲ. ಸುಪ್ತ ಮನಸ್ಸು ಎಂದರೆ ಬೀಗ ಹಾಕಿದ ಪೆಟ್ಟಿಗೆ, ಅದರೊಳಗೆ ಮರೆತುಹೋದ ಘಟನೆಯೊಂದು ಇರುತ್ತದೆ, ಚಿಕಿತ್ಸಕರು ಬೀಗ ತೆಗೆಯುತ್ತಾರೆ ಎಂಬ ಚಿತ್ರ ಜನಪ್ರಿಯವಾಗಿದೆ. ಹೆಚ್ಚಿನ ಸಲ ಘಟನೆ ಕಣ್ಣಮುಂದೆಯೇ ಇರುತ್ತದೆ. ಅರಿವಿನಲ್ಲಿ ಇಲ್ಲದಿರುವುದು ಅದರ ಭಾವನೆ, ಮತ್ತು ಆ ಸಂಜೆಯನ್ನು ಇಂದಿನ ಸಂಜೆಗೆ ಕಟ್ಟಿರುವ ಕೊಂಡಿ. ಫ್ರಾಯ್ಡ್ 1914ರ ಒಂದು ಪ್ರಬಂಧದಲ್ಲಿ ಇದನ್ನೇ ಹೇಳಿದ್ದರು: ಅದುಮಿಟ್ಟದ್ದನ್ನು ಮನುಷ್ಯ ನೆನಪಾಗಿ ಹೇಳುವುದಿಲ್ಲ, ನಡೆಯಾಗಿ ಪುನರಾವರ್ತಿಸುತ್ತಾನೆ, ಹಾಗೆ ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿರುವುದಿಲ್ಲ.

ಆ ಪುನರಾವರ್ತನೆ ಕೋಣೆಯೊಳಗೂ ನಡೆಯುತ್ತದೆ. ಚಿಕಿತ್ಸಕಿ ಒಂದು ವಾರ ರಜೆ ಹಾಕುವುದಾಗಿ ಮೊದಲೇ ತಿಳಿಸಿದರು. ರಜೆ ಮುಗಿದ ವಾರ ಶಿಕ್ಷಕಿ ಬರಲೇ ಇಲ್ಲ. ಅದರ ಮುಂದಿನ ವಾರ ಬಂದು "ಮರೆತೇ ಹೋಯಿತು" ಎಂದರು, ಮುಖ ಗಂಟಾಗಿತ್ತು. "ಈ ಚಿಕಿತ್ಸೆಯಿಂದ ಏನೂ ಆಗುತ್ತಿಲ್ಲ" ಎಂದೂ ಸೇರಿಸಿದರು. ಹಳೆಯ ಸಂಬಂಧದ ಭಾವನೆ ಹೀಗೆ ಈಗ ಎದುರಿಗಿರುವ ವ್ಯಕ್ತಿಯ ಮೇಲೆ ಹರಿಯುವುದಕ್ಕೆ ಭಾವವರ್ಗಾವಣೆ ಎಂಬ ಹೆಸರಿದೆ. ಮನೆಯಲ್ಲಿ ಇದು ಜಗಳವಾಗುತ್ತಿತ್ತು. ಇಲ್ಲಿ ಚಿಕಿತ್ಸಕಿ ನೊಂದುಕೊಳ್ಳಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. "ನಾನು ಹೋಗಿದ್ದರ ಬಗ್ಗೆ ನಿಮಗೆ ಸಿಟ್ಟು ಬಂದಿರಬಹುದೇ? ಬರುವುದಿಲ್ಲವೇನೋ ಅನ್ನಿಸಿತೇ?" ಎಂದು ಕೇಳಿದರು. ಮೂವತ್ತೆರಡು ವರ್ಷಗಳಲ್ಲಿ ಯಾರೂ ಶಿಕ್ಷಕಿಯನ್ನು ಆ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ವೇಳಾಪಟ್ಟಿಯ ದನಿ ಅಲ್ಲಿ ಒಡೆಯಿತು.

ತಿಳಿದರೆ ಸಾಕೇ?

ಸಾಲದು. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂದು ತಿಳಿದೂ ಸೇದುವವರಿದ್ದಾರೆ. ತಲೆಗೆ ತಿಳಿದದ್ದು ಕರುಳಿಗೆ ಇಳಿಯಬೇಕು. ಅದಕ್ಕಾಗಿಯೇ ಒಂದೇ ವಿಷಯ ತಿಂಗಳುಗಟ್ಟಲೆ ಬೇರೆ ಬೇರೆ ವೇಷದಲ್ಲಿ ಮಾತಿಗೆ ಬರುತ್ತದೆ: ಗಂಡನ ಜೊತೆ, ಮಗ ಹಾಸ್ಟೆಲ್‌ಗೆ ಹೊರಟಾಗ, ಮುಖ್ಯೋಪಾಧ್ಯಾಯರ ವರ್ಗಾವಣೆಯಾದಾಗ. ಪ್ರತಿಸಲವೂ ಭಯವನ್ನು ಭಯವೆಂದೇ ಅನುಭವಿಸಲು, ಅನುಭವಿಸಿಯೂ ಉಳಿಯಲು ಅಭ್ಯಾಸವಾಗುತ್ತದೆ.

ಇದು ಕೆಲಸ ಮಾಡುವುದಕ್ಕೆ ಕೆಲವು ಕಾರಣಗಳನ್ನು ಸಂಶೋಧನೆ ಸೂಚಿಸಿದೆ. ಭಾವನೆಗೆ ಹೆಸರಿಡುವುದೇ ಅದರ ಕಾವನ್ನು ಸ್ವಲ್ಪ ತಗ್ಗಿಸುತ್ತದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮಿದುಳಿನ ಚಿತ್ರಣದ ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳನ್ನು ನೋಡುತ್ತ ಆ ಭಾವನೆಯ ಹೆಸರನ್ನು ಆರಿಸಿದವರಲ್ಲಿ, ಅಪಾಯಕ್ಕೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ಕಡಿಮೆಯಾಯಿತು. ಇನ್ನೊಂದು ಸುಳಿವು ನೆನಪಿನ ಗುಣದಲ್ಲೇ ಇದೆ. ನೆನಪು ಕಲ್ಲಿನ ಶಾಸನದಂತೆ ಒಮ್ಮೆ ಕೊರೆದರೆ ಮುಗಿಯಿತು ಎಂದು ತಿಳಿಯಲಾಗಿತ್ತು. 2000ದಲ್ಲಿ ಕರೀಮ್ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ನಡೆಸಿದ ಪ್ರಯೋಗ, ಭಯದ ನೆನಪನ್ನು ಮತ್ತೆ ಎಬ್ಬಿಸಿದಾಗ ಅದು ಕೆಲಹೊತ್ತು ಹಸಿ ಮಣ್ಣಿನಂತೆ ಮೆತ್ತಗಾಗುತ್ತದೆ, ಮತ್ತೆ ಗಟ್ಟಿಯಾಗುವ ಮೊದಲು ಬದಲಾಗಬಲ್ಲದು ಎಂಬುದನ್ನು ತೋರಿಸಿತು. ಹಳೆಯ ಭಯ ಎದ್ದಿರುವಾಗಲೇ ಹೊಸ ಅನುಭವವೊಂದು, ಅಂದರೆ ಈ ಸಲ ಹೋದವರು ಹಿಂದಿರುಗಿದರು ಎಂಬುದು, ಅದರೊಡನೆ ಬೆಸೆಯಬಹುದು ಎಂದು ಕೆಲವು ಚಿಕಿತ್ಸಕರು ಇದರಿಂದ ಊಹಿಸುತ್ತಾರೆ. ಇಲಿಯ ಪ್ರಯೋಗದಿಂದ ಮನುಷ್ಯನ ಮಾತಿನ ಚಿಕಿತ್ಸೆಗೆ ಹಾರುವುದು ದೂರದ ಹಾರಾಟವಾದ್ದರಿಂದ ಇದನ್ನು ಊಹೆ ಎಂದೇ ಹಿಡಿಯಬೇಕು.

ಅಗೆಯುವುದರಲ್ಲಿ ಅಪಾಯವಿದೆ

ನೆನಪು ಮೆತ್ತಗಾಗಬಲ್ಲದು ಎಂಬ ಮಾತಿಗೆ ಇನ್ನೊಂದು ಮುಖವಿದೆ. ಮೆತ್ತಗಿನ ಮಣ್ಣಿನಲ್ಲಿ ಏನನ್ನು ಬೇಕಾದರೂ ಒತ್ತಬಹುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಮಂದಿಗೆ ಅವರ ಬಾಲ್ಯದ ಮೂರು ನಿಜ ಘಟನೆಗಳ ಜೊತೆಗೆ, ಅಂಗಡಿ ಮಳಿಗೆಯಲ್ಲಿ ಕಳೆದುಹೋಗಿದ್ದಿರಿ ಎಂಬ ಒಂದು ಸುಳ್ಳು ಘಟನೆಯನ್ನೂ ಹೇಳಲಾಯಿತು. ಸುಮಾರು ಕಾಲುಭಾಗ ಜನ ಆಗದಿದ್ದ ಆ ಘಟನೆಯನ್ನು ಪೂರ್ತಿಯಾಗಿಯೋ ಭಾಗಶಃವೋ 'ನೆನಪಿಸಿಕೊಂಡರು'. ಅಮೆರಿಕದಲ್ಲಿ 1980 ಮತ್ತು 90ರ ದಶಕಗಳಲ್ಲಿ ಸಂಮೋಹನ, ಸೂಚನೆಗಳ ಮೂಲಕ 'ಹೊರತೆಗೆದ' ನೆನಪುಗಳನ್ನು ನಂಬಿ ಕುಟುಂಬಗಳು ಒಡೆದವು, ಮೊಕದ್ದಮೆಗಳು ನಡೆದವು. ಬಾಲ್ಯದ ದೌರ್ಜನ್ಯ ಸುಳ್ಳೆಂದು ಇದರ ಅರ್ಥವಲ್ಲ; ಅದು ನಿಜ, ಅದನ್ನು ಅನುಭವಿಸಿದವರಲ್ಲಿ ಹೆಚ್ಚಿನವರು ಮರೆತಿರುವುದೂ ಇಲ್ಲ. ಆದರೆ "ನಿಮಗೆ ನೆನಪಿಲ್ಲದ ಏನೋ ಆಗಿದೆ, ನಾನು ತೆಗೆದು ತೋರಿಸುತ್ತೇನೆ" ಎನ್ನುವ ಚಿಕಿತ್ಸಕರಿಂದ, ಹಿಂದಿನ ಜನ್ಮದವರೆಗೆ ಕರೆದೊಯ್ಯುವೆವು ಎನ್ನುವವರಿಂದ ದೂರವಿರುವುದು ಕ್ಷೇಮ.

ಸಿಟ್ಟನ್ನು ಕಕ್ಕಿಬಿಟ್ಟರೆ ಖಾಲಿಯಾಗುತ್ತದೆ ಎಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಂತಿಲ್ಲ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಭಾವನೆ ಹಂಡೆಯ ನೀರಲ್ಲ, ಬಗ್ಗಿಸಿ ಚೆಲ್ಲುವುದಕ್ಕೆ.

ಯಾವ ಭಾಷೆಯಲ್ಲಿ ಅಳುವುದು

ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇರುವ ಅನೇಕ ಕನ್ನಡಿಗರು ಇಂಗ್ಲಿಷಿನಲ್ಲಿ ಥೆರಪಿ ಪಡೆಯುತ್ತಾರೆ. "ಐ ವಾಸ್ ಡಿಸ್ಟರ್ಬ್ಡ್" ಎನ್ನುವುದಕ್ಕೂ "ತುಂಬಾ ಸಂಕಟ ಆಯಿತು" ಎನ್ನುವುದಕ್ಕೂ ಇರುವ ಅಂತರ ಅವರಿಗೆ ಗೊತ್ತು. ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಟರ್ಕಿಶ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಮೇಲೆ ಮಾಡಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಕೇಳಿದ ಬೈಗುಳ ತಾಯ್ನುಡಿಯಲ್ಲಿ ಕಿವಿಗೆ ಬಿದ್ದಾಗ ಭಾವೋದ್ವೇಗದ ಗುರುತಾದ ಚರ್ಮದ ಬೆವರಿನ ಸ್ಪಂದನ ಎರಡನೆಯ ಭಾಷೆಗಿಂತ ಹೆಚ್ಚಾಗಿತ್ತು. ಕಲಿತ ಭಾಷೆ ಕೆಲವೊಮ್ಮೆ ಒಳ್ಳೆಯದೇ ಮಾಡುತ್ತದೆ. ಸುಡುವ ವಿಷಯವನ್ನು ಇಕ್ಕಳದಲ್ಲಿ ಹಿಡಿದು ಎತ್ತಲು ಅದು ನೆರವಾಗುತ್ತದೆ. ಆದರೆ ಇಕ್ಕಳದಲ್ಲೇ ಹಿಡಿದಿದ್ದರೆ ಅದು ಬಿಸಿಯೋ ತಣ್ಣಗೋ ಎಂದು ಕೈಗೆ ತಿಳಿಯುವುದಿಲ್ಲ. ಅಮ್ಮ ಬೈದ ಮಾತನ್ನು ಅಮ್ಮನ ಭಾಷೆಯಲ್ಲೇ, ಆಕೆಯ ರಾಗದಲ್ಲೇ ಹೇಳಲು ಅವಕಾಶವಿರುವ ಚಿಕಿತ್ಸಕರು ಸಿಕ್ಕರೆ ಅದನ್ನು ಬಳಸಿಕೊಳ್ಳಬೇಕು.

ಯಾರಿಗೆ, ಯಾರ ಬಳಿ, ಎಷ್ಟು ಕಾಲ

ಖಿನ್ನತೆ, ಆತಂಕ, ಸಂಬಂಧಗಳಲ್ಲಿ ಮರುಕಳಿಸುವ ತೊಡಕುಗಳಿಗೆ ಈ ಚಿಕಿತ್ಸೆ ನೆರವಾಗುತ್ತದೆ. 2017ರಲ್ಲಿ ಕ್ರಿಸ್ಟಿಯಾನೆ ಸ್ಟೈನರ್ಟ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇದರ ಫಲ ಈಗಾಗಲೇ ಸಾಬೀತಾದ ಇತರ ಮನೋಚಿಕಿತ್ಸೆಗಳಿಗೆ ಸಮಾನವಾಗಿತ್ತು. ಸಮಾನ ಎಂದರೆ ಮೇಲಲ್ಲ. ಆಲೋಚನೆಯ ಕ್ರಮವನ್ನು ನೇರವಾಗಿ ತಿದ್ದುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಕೆಲವರಿಗೆ ಬೇಗ ಒಗ್ಗುತ್ತದೆ. ಅದನ್ನು ರೂಪಿಸಿದ ಏರನ್ ಬೆಕ್ ಮನೋವಿಶ್ಲೇಷಣೆಯಲ್ಲೇ ತರಬೇತಿ ಪಡೆದವರು ಎಂಬುದು ಕುತೂಹಲದ ಸಂಗತಿ. ಅಪಘಾತ, ಹಿಂಸೆಗಳ ನಂತರದ ಆಘಾತಕ್ಕೆ ಅದಕ್ಕೆಂದೇ ರೂಪಿಸಿದ ಚಿಕಿತ್ಸೆಗಳಿವೆ. ಭ್ರಮೆ, ಉನ್ಮಾದ, ತೀವ್ರ ವ್ಯಸನ ಇದ್ದವರಿಗೆ, ಆತ್ಮಹತ್ಯೆಯ ಆಲೋಚನೆ ಕಾಡುತ್ತಿರುವವರಿಗೆ ಮೊದಲು ಬೇಕಾದದ್ದು ಸುರಕ್ಷತೆ ಮತ್ತು ಮನೋವೈದ್ಯರು; 14416 ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ.

ಮನೋವೈದ್ಯರು ಎಂಬಿಬಿಎಸ್ ನಂತರ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲರು. ಔಷಧ ಬರೆಯದೆ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು; ನೋಂದಣಿ ಸಂಖ್ಯೆ ಕೇಳುವುದು ಅಗೌರವವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿಷಯವನ್ನು ಗುಟ್ಟಾಗಿ ಇಡುವ ಹಕ್ಕನ್ನು ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಷ್ಟೇ ಅದಕ್ಕೆ ಹೊರತು. ಮಾತನಾಡತೊಡಗಿದ ಮೊದಲ ಕೆಲವು ವಾರ ಮನಸ್ಸು ಇನ್ನಷ್ಟು ಕದಡಿದಂತೆ ಅನಿಸಬಹುದು. ಅದನ್ನೂ ಅಲ್ಲೇ ಹೇಳಬೇಕು.

ಕೆಲವರಿಗೆ ನಾಲ್ಕು ತಿಂಗಳು ಸಾಕು, ಕೆಲವರಿಗೆ ಎರಡು ವರ್ಷ ಬೇಕು. ಮುಗಿಸುವ ಬಗೆಯೂ ಚಿಕಿತ್ಸೆಯ ಭಾಗವೇ. ಅಗಲಿಕೆ ಹತ್ತಿರವಾದಂತೆ ಹಳೆಯ ಅಗಲಿಕೆಗಳೆಲ್ಲ ಒಮ್ಮೆ ಎದ್ದು ಕೂರುವುದರಿಂದ ಕೊನೆಯ ದಿನವನ್ನು ಬಹಳ ಮುಂಚೆಯೇ ಗೊತ್ತುಮಾಡುತ್ತಾರೆ. ನಮ್ಮ ಶಿಕ್ಷಕಿಗೆ ಮೂರು ತಿಂಗಳು ಮೊದಲೇ ದಿನಾಂಕ ಗೊತ್ತಿತ್ತು. ನಡುವೆ ಒಂದು ವಾರ ಅವರಿಗೆ ಸಿಟ್ಟು ಬಂತು, ಸಿಟ್ಟು ಬಂದಿದೆ ಎಂದು ಬಾಯಿಬಿಟ್ಟು ಹೇಳಿದರು. ಇನ್ನೊಂದು ವಾರ ತಂದೆಯ ಬಗ್ಗೆ, ಅವರ ಸೈಕಲ್ಲಿನ ಬಗ್ಗೆ ಮಾತನಾಡಿ ಅತ್ತರು. ಕೊನೆಯ ದಿನ ಹೊತ್ತಿಗೆ ಸರಿಯಾಗಿ ಬಂದರು. ಐವತ್ತು ನಿಮಿಷ ಮುಗಿದ ಮೇಲೆ ಎದ್ದು, ಬಾಗಿಲ ಹತ್ತಿರ ನಿಂತು, "ಹೋಗಿಬರ್ತೀನಿ" ಎನ್ನಲು ಹೋಗಿ ತಡೆದು, "ಹೊರಡ್ತೀನಿ" ಎಂದರು.